ಎಣ್ಣೆ ಸುರಿದ ಮೈದಾನ

ಮಸ್ಕತ್, ೧೨-೨-೧೯೭೯

ಅಕ್ಕನಿಗೆ ನಮಸ್ಕಾರ.

ಇಲ್ಲಿಯ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲಿಲ್ಲ, ಬರೀ ಮರಳು. ಧೂಳು ಏಳದಿರಲೆಂದು ಲಾರಿಯ ಹಳೇ ಎಣ್ಣೆ ಸುರಿಯುತ್ತಾರೆ. ಮೊದಲನೇ ಮ್ಯಾಚಿನ ದಿನ, ಮತ್ತಿಗಿರಿಯಲ್ಲಿ ಆಡುವಾಗಿನ ಅಭ್ಯಾಸದಂತೆ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎಣ್ಣೆ ಕಣ್ಣಿಗಿಳಿದು ಆಟವೇ ಕಾಣಲಿಲ್ಲ. ನಮ್ಮ ಹುಡುಗರು ನನ್ನನ್ನು ನೋಡಿ ನಗುತ್ತಲೇ ಸೋತರು. "ಕಣ್ಣು ಕಾಣದ ಮ್ಯಾನೇಜರ್ ನಮಗೇಕೆ?" ಎಂದು ಕ್ಲಬ್ಬಿನ ಯಜಮಾನ ಅಲ್ಲೇ ಕೆಲಸದಿಂದ ತೆಗೆದ. ಮಂಡಿ ಸವೆಯುವವರೆಗೆ ಬೆಂಗಳೂರಿನ ಟೀಮಿಗೆ ಆಡಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಈಗ ಆ ಮೈದಾನಕ್ಕೆ ಎಣ್ಣೆ ಸುರಿಯುವವನು ನಾನೇ.

ಕಣ್ಣುರಿ ಇಳಿದಿದೆ, ಡ್ರಾಪ್ಸ್ ಹಾಕುತ್ತಿದ್ದೇನೆ. ಟಿಕೆಟ್ಟಿಗಾಗುವಷ್ಟು ದುಡಿದು ವಾಪಸ್ ಬರುತ್ತೇನೆ.

"ನಮ್ ಬಾಮೈದ ಫಾರಿನ್ ಕ್ಲಬ್ಬಿಗೆ ಮ್ಯಾನೇಜರ್ ಕಣ್ಲಾ" ಎಂದು ಭಾವ ಬೇರಿಕೆ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಈಗ ಅಲ್ಲವೆಂದು ಒಬ್ಬೊಬ್ಬರಿಗೂ ಹೇಳುವ ತ್ರಾಣ ನನಗಿಲ್ಲ. ಪೋಸ್ಟ್‌ಮ್ಯಾನ್ ಗುಂಡಣ್ಣ ಊರವರ ಕಾರ್ಡುಗಳನ್ನೆಲ್ಲ ಓದಿ ದಾರಿಯುದ್ದಕ್ಕೂ ಹೇಳುತ್ತಾನೆಂದು ನೀನು ಬೈಯುತ್ತಿದ್ದೆಯಲ್ಲ, ಅದಕ್ಕೇ ಇದನ್ನು ಕವರಿಗೆ ಹಾಕಲಿಲ್ಲ.

ನಿನ್ನ ತಮ್ಮ
ರಾಮಚಂದ್ರಪ್ಪ