ಪತ್ರಿಕೆಯಲ್ಲಿ ಅಕ್ಕನ ಬಾಯಿ

ಹುಮನಾಬಾದ್, ೧೯೪೯

ದ್ರೌಪತಕ್ಕಾ,

ನಿನ್ನ ವಸಡಿನ ಹುಣ್ಣಿಗೆ ಆದ ಖರ್ಚು ಇಷ್ಟು: ನಾಲ್ಕು ಸಲ ಹೈದರಾಬಾದ್ ಪ್ರಯಾಣ, ನಿನ್ನ ಮೂರು ಹಲ್ಲು, ಕೊನೆಗೆ ಹೋದ ವರ್ಷ ನಿನ್ನ ಜೀವವೇ.

ನಿನಗೆ ಔಷಧ ಕೊಟ್ಟಿದ್ದ ಡಾಕ್ಟರ್ ಗಯಾಸುದ್ದೀನ್ ಸಾಹೇಬರು ಇವತ್ತು ನನ್ನ ತಂಬಾಕಿನ ಅಂಗಡಿಗೆ ಬಂದು ಇಂಗ್ಲಿಷ್ ವೈದ್ಯಪತ್ರಿಕೆಯೊಂದನ್ನು ಬಿಚ್ಚಿದರು. ಬಾಯಿಯ ಕ್ಯಾನ್ಸರ್ ಮೇಲೆ ಅವರು ಬರೆದ ಒಂಬತ್ತನೆಯ ಲೇಖನ ಅದರಲ್ಲಿದೆ. ಹಿಂದಿನವನ್ನು ಮುಂಬಯಿಯ ಡಾಕ್ಟರುಗಳೂ ಆಧಾರವಾಗಿ ಹಿಡಿಯುತ್ತಾರಂತೆ. ಈ ಸಲ ಅದರಲ್ಲಿ ನಿನ್ನ ತೆರೆದ ಬಾಯಿಯ ಫೋಟೋ ಇದೆ. ನಗುವಾಗಲೂ ಸೆರಗು ಅಡ್ಡ ಹಿಡಿಯುತ್ತಿದ್ದವಳು ನೀನು. ಹೆಸರು ಹಾಕಿಲ್ಲ. ತಂಬಾಕು ಹುರಿದು ಮಾಡಿದ ಮಿಸ್ರಿಯಿಂದ ಹಲ್ಲುಜ್ಜುತ್ತಿದ್ದ ಹೆಂಗಸು ಎಂದಿದೆ. ಯಾವ ಅಂಗಡಿಯ ಮಿಸ್ರಿ ಎಂದು ಸಾಹೇಬರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಮಿಸ್ರಿ ಒಯ್ಯಲು ಬಂದಿದ್ದ ನಿನ್ನ ಗೆಳತಿ ಕಮಳಾಬಾಯಿ ಬಗ್ಗಿ ನೋಡಿದಳು.

“ಯಾರ ಬಾಯಿರೀ ಸಾಹೇಬ್ರ, ಇದು?”

“ನಮ್ಮ ಅಕ್ಕಂದು,” ಎಂದೆ ನಾನು.

“ಅಕೀ ಹಲ್ಲು ನಾ ಒಮ್ಮೆನೂ ನೋಡಿರ್ಲಿಲ್ಲೋ ದಿಗಂಬರ.” ಕೈಯಲ್ಲಿದ್ದ ಮಿಸ್ರಿಯ ಪುಡಿಕೆಯನ್ನು ನನ್ನ ಮುಂದೆ ಇಟ್ಟಳು. “ಇದು ನಿನ್ ಹತ್ರನ ಇರ್ಲಿ.”

ಅವಳು ಹೋದ ಮೇಲೆ ಸಾಹೇಬರು ಹೇಳಿದರು: “ಲೇಖನ ಒಂಬತ್ತು ಬರದೇನ್ರಿ. ಮಿಸ್ರಿ ಬಿಟ್ಟಾಕೀನ ಇವತ್ತ ಮೊದಲ ಸಲ ನೋಡಾಕತ್ತೇನಿ.”

ಸಾಹೇಬರಿಗೆ ಹೆಸರು ಬಂತು. ಕಮಳಾಬಾಯಿಗೆ ಬಾಯಿ ಉಳಿಯಬಹುದು. ನನಗೆ ಪುಡಿಕೆ ಉಳಿಯಿತು. ನಿನಗೆ ಬಂದದ್ದು ಏನೂ ಇಲ್ಲ, ಅಕ್ಕಾ.