ತಿಪ್ಪೇಶನ ಹುಳಗಳು

೧೪ ಅಕ್ಟೋಬರ್, ಮಂಗಳವಾರ. ಬಡವನಹಳ್ಳಿ.

ಮೂರು ತಿಂಗಳಿಂದ ಮುಚ್ಚಿಟ್ಟಿದ್ದೇನೆ: ಲ್ಯಾಬಿನಲ್ಲಿ ನಾನು ಬರೆದ ಎಣಿಕೆ ಸುಳ್ಳು.

ನನ್ನ ತಮ್ಮ ತಿಪ್ಪೇಶನ ಕಾಲಿನ ಕಸುವನ್ನು ತಿನ್ನುತ್ತಿರುವ ಕಾಯಿಲೆಯ ಜೀನಿಗೆ ಸರಿಜೋಡಿ, ದುಂಡುಹುಳ ಅನ್ನುವ ಕೂದಲೆಳೆಗಿಂತ ಸಣ್ಣ ಹುಳದಲ್ಲೂ ಇದೆ. ಹುಳದ ಜೀನುಗಳನ್ನೆಲ್ಲ ಅಕ್ಷರ ಬಿಡದೆ ಓದಿ ಅದನ್ನು ಪತ್ತೆ ಮಾಡಿದ್ದಾರಂತೆ. ಆ ಜೀನು ಕೆಟ್ಟ ಹುಳಗಳಿಗೆ ಮದ್ದು ಕೊಟ್ಟು ನೀರಿನ ಹನಿಯಲ್ಲಿ ಬಿಡುತ್ತಾರೆ. ಅವು ಅರ್ಧ ನಿಮಿಷದಲ್ಲಿ ಎಷ್ಟು ಸಲ ಮೈ ಬಳುಕಿಸುತ್ತವೆಂದು ಎಣಿಸುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಎಣಿಸಲು ಬರುತ್ತದೆ. ಆದರೆ ಒಂದು ಹುಳ ಮೂವತ್ತಕ್ಕೇ ಸುಸ್ತಾದಾಗ ಐವತ್ತೆಂದು ಬರೆದೆ. ಆಮೇಲೆ ಇನ್ನೊಂದಕ್ಕೂ. ಹನಿಯೊಳಗೆ ಒದ್ದಾಡುತ್ತಿದ್ದವನು ತಿಪ್ಪೇಶನೇ ಅನ್ನಿಸಿತ್ತು.

ಇವತ್ತು ಅವನನ್ನು ಎತ್ತಿ ಜಗಲಿಯಲ್ಲಿ ಕೂರಿಸಿದಾಗ ಕೇಳಿದ, “ಅಕ್ಕಾ, ನನ್ ಹುಳ ಹೆಂಗೆ ಈಜ್ತಾವೆ?”

“ನಿನಗಿಂತ ವಾಸಿ ಕಣ್ಲಾ.”

“ಅಂಗಾದ್ರೆ ಮದ್ದು ಹಿಡಿದೈತೆ ಬುಡು. ಮುಂದಿನ್ ವರ್ಷ ಮಧುಗಿರಿ ಬೆಟ್ಟ ಹತ್ತಾನ. ನೀನೇ ಹಿಂದೆ ಬೀಳ್ತೀಯ.”

ನಕ್ಕೆ.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ, ಹಿಡಿಯದ ಮದ್ದನ್ನೇ ಹಿಡಿದುಕೊಂಡು ಲ್ಯಾಬ್ ನಡೆಸುವ ಮೇಡಂ ವರ್ಷಗಟ್ಟಲೆ ಕೂರುತ್ತಾರೆ. ತಿಪ್ಪೇಶನಿಗೆ ಅಷ್ಟು ವರ್ಷ ಎಲ್ಲಿ…

ನಾಳೆ ಮೊದಲ ಬಸ್ಸಿಗೇ ಲ್ಯಾಬಿಗೆ ಹೊರಡುತ್ತೇನೆ, ಮೇಡಂಗೆ ನಿಜ ಹೇಳಲು.