ಆಯುಧಪೂಜೆಗೆ ಇಟ್ಟ ಅಡ್ಡಬಿಲ್ಲು

ಚಾಮರಾಜಪೇಟೆ

ವಿಶಾಖಾ ಅಕ್ಕನಿಗೆ, ಕೆಳಗಿನ ಬಾಡಿಗೆ ಮನೆಯ ಲಿಖಿತ್ ಬರೆಯುವುದು.

ನಿಮ್ಮ ತಂದೆಯ ಕಣ್ಣು ಹೋದದ್ದು ಆಕಸ್ಮಿಕ ಎಂದು ನಮ್ಮಪ್ಪ ನಿಮ್ಮ ಕಾಲು ಹಿಡಿದು ಹೇಳಿದರು. ಅದು ಸುಳ್ಳೆಂದು ಅಪ್ಪನಿಗೆ ಗೊತ್ತಿಲ್ಲ.

ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ನಾನು ಮಾಡಿದ, ಬಂದೂಕಿನ ಹಾಗೆ ಟ್ರಿಗರ್ ಒತ್ತಿ ಬಾಣ ಬಿಡುವ ಹಳೇ ಕಾಲದ ಅಡ್ಡಬಿಲ್ಲನ್ನು ಅಮ್ಮ ಆಯುಧಪೂಜೆಗೆ ಇಟ್ಟಿದ್ದರು. ಖಾಲಿ ಬಿಲ್ಲಿಗೆ ಪೂಜೆ ಬೇಡವೆಂದು ನಾನೇ ಹೆದೆ ಎಳೆದು ಬಾಣ ಹೂಡಿದ್ದೆ. ಚೆಂಡುಹೂವಿನ ಹಾರದಲ್ಲಿ ಬಾಣ ಮುಚ್ಚಿಹೋಗಿತ್ತು. ಮಂಗಳಾರತಿಗೆ ಬಂದ ನಿಮ್ಮ ತಂದೆ ಬಿಲ್ಲನ್ನು ಎತ್ತಿ ತಮ್ಮ ಕಡೆಗೇ ತಿರುಗಿಸಿಕೊಂಡು, "ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ಮಾಡಿದ್ದು, ಇದು ಕೆಲ್ಸ ಮಾಡತ್ತೇನೋ?" ಎಂದು ನಕ್ಕರು. ಅವರ ಬೆರಳು ಟ್ರಿಗರ್ ಹುಡುಕುತ್ತಿದ್ದಾಗ ಬೇಡ ಎನ್ನಲು ನನಗೆ ಸಮಯವಿತ್ತು. ಸುಮ್ಮನೆ ನೋಡಿದೆ.

ಈ ಕಾಗದವನ್ನು ಪೊಲೀಸರಿಗೆ ಕೊಡಿ. ಅಪ್ಪ ಅಮ್ಮನನ್ನು ಮಾತ್ರ ಮನೆ ಬಿಡಿಸಬೇಡಿ.

ನಿಮ್ಮ ತಂದೆ ಕೇಳಿದ್ದಕ್ಕೆ ಅವತ್ತು ಉತ್ತರ ಕೊಟ್ಟಿರಲಿಲ್ಲ. ಕೆಲಸ ಮಾಡುತ್ತದೆ ಎಂದು ಹೇಳಿ.

ಇಂತಿ,
ಲಿಖಿತ್